ಇಂಗ್ಲಿಷಿನ ಕೆಲವು ಭಾವಸೂಚಕ ಪದಗಳು

ನಮ್ಮ ಕಾಲೇಜಿನ ಪುಸ್ತಕಭಂಡಾರದಿಂದ ಯಾವ ಇಂಗ್ಲಿಷ್ ಪಠ್ಯವನ್ನು ತಂದು ಬಿಡಿಸಿದರೂ, ಅದರ ಅಂಚುಗಳಲ್ಲಿ ಹಿಂದೆ ಓದಿದವರು ಪೆನ್ಸಿಲಿನಿಂದ ಬರೆದಿಟ್ಟ ಕನ್ನಡ ಅರ್ಥಗಳು ಕಣ್ಣಿಗೆ ಬೀಳುತ್ತವೆ. ಹಾಗೆ ಬರೆಯುವುದು ಸರಿಯಲ್ಲವೆಂದು ಭಂಡಾರದ ನಿಯಮ ಹೇಳಿದರೂ, ಊರಿನ ಶಾಲೆಗಳಲ್ಲಿ ಕನ್ನಡದಲ್ಲಿಯೇ ಓದಿ ಬಂದ ನಮ್ಮಂಥವರಿಗೆ ಆ ಪೆನ್ಸಿಲಿನ ಅಕ್ಷರಗಳೇ ಊರುಗೋಲಾಗಿವೆ. ಆದರೆ ಅವುಗಳಲ್ಲಿ ಒಂದು ವಿಚಿತ್ರವುಂಟು. 'ಎನ್ವಿ' ಎಂಬ ಪದದ ಪಕ್ಕದಲ್ಲಿ 'ಹೊಟ್ಟೆಕಿಚ್ಚು' ಎಂದಿರುತ್ತದೆ. ನಾಲ್ಕು ಹಾಳೆ ತಿರುವಿದರೆ 'ಜೆಲಸಿ' ಬರುತ್ತದೆ, ಅದಕ್ಕೂ 'ಹೊಟ್ಟೆಕಿಚ್ಚು'. 'ಷೇಮ್' ಎಂದರೆ ನಾಚಿಕೆ, 'ಎಂಬ್ಯಾರಸ್‌ಮೆಂಟ್' ಎಂದರೂ ನಾಚಿಕೆ, 'ಷೈ' ಎಂದರೂ ನಾಚಿಕೆಯೇ. 'ಸ್ಯಾಡ್‌ನೆಸ್', 'ಸಾರೋ', 'ಗ್ರೀಫ್' ಇವೆಲ್ಲ ದುಃಖ. ಇದನ್ನೆಲ್ಲ ನೋಡಿದರೆ, ಇಂಗ್ಲಿಷರು ಒಂದೊಂದು ಭಾವಕ್ಕೂ ಮೂರು ಮೂರು ಹೆಸರುಗಳನ್ನಿಟ್ಟುಕೊಂಡು ವೃಥಾ ಶ್ರಮಪಟ್ಟರೇನೋ ಎಂದು ಅನುಮಾನ ಬರುತ್ತದೆ.

ಈ ಅನುಮಾನಕ್ಕೆ ಸಾಮಾನ್ಯವಾಗಿ ಸಿಕ್ಕುವ ಉತ್ತರ ಒಂದೇ: ಇವುಗಳಲ್ಲಿ ವ್ಯತ್ಯಾಸವಿರುವುದು ಪ್ರಮಾಣದಲ್ಲಿ, ಒಂದು ಸ್ವಲ್ಪ, ಮತ್ತೊಂದು ಹೆಚ್ಚು, ಇನ್ನೊಂದು ಬಹಳ ಹೆಚ್ಚು. ಕೆಲವು ಪದಗಳ ಮಟ್ಟಿಗೆ ಇದು ನಿಜ. 'ಅನಾಯನ್ಸ್' ಎಂಬುದು ಕಿರಿಕಿರಿ, 'ಆಂಗರ್' ಸಿಟ್ಟು, 'ಫ್ಯೂರಿ' ಕಡುಕೋಪ. ಆದರೆ ಈ ಏಣಿಯನ್ನು ಎಲ್ಲ ಕಡೆಯೂ ಒರಗಿಸಲು ಬರುವುದಿಲ್ಲ. ನಾನು ಐಚ್ಛಿಕ ಇಂಗ್ಲಿಷನ್ನು ಓದಲು ತೊಡಗಿದ ಮೇಲೆ ನನಗೆ ತೋರಿರುವುದೇನೆಂದರೆ, ಇಂಥ ಪ್ರತಿಯೊಂದು ಪದದೊಳಗೂ ಒಂದು ಸಣ್ಣ ವ್ಯವಹಾರ ಅಡಗಿದೆ. ಅದರಲ್ಲಿ ಪಾತ್ರಗಳು ಎಷ್ಟು, ಯಾರು ಯಾರಿಗೆ ಏನು ಮಾಡಿದರು, ಅದು ಆಗಿಹೋದದ್ದೋ ಮುಂದೆ ಆಗಬಹುದಾದದ್ದೋ, ಅದಕ್ಕೆ ಹೊಣೆ ಯಾರು ಎಂದು ಕೇಳುತ್ತ ಹೋದರೆ ಪದಗಳು ತಾವಾಗಿಯೇ ಬೇರೆ ಬೇರೆ ನಿಲ್ಲುತ್ತವೆ. ಇದು ಪರೀಕ್ಷೆಯ ಎರಡು ಅಂಕಗಳಿಗೆ ಸಂಬಂಧಿಸಿದ ಮಾತು ಮಾತ್ರವಲ್ಲ. ಭಾವದ ಹೆಸರು ತಪ್ಪಿದರೆ ಮನುಷ್ಯನ ಮೇಲೆ ನಾವು ಕೊಡುವ ತೀರ್ಪೇ ತಪ್ಪುತ್ತದೆ.

ಮೊದಲು ಹೊಟ್ಟೆಕಿಚ್ಚನ್ನೇ ತೆಗೆದುಕೊಳ್ಳೋಣ. 'ಎನ್ವಿ'ಗೆ ಇಬ್ಬರಿದ್ದರೆ ಸಾಕು. ನನ್ನಲ್ಲಿ ಇಲ್ಲದ ವಸ್ತುವೋ ಗುಣವೋ ಪದವಿಯೋ ಇನ್ನೊಬ್ಬನಲ್ಲಿದೆ. ಅದನ್ನು ಕಂಡು ನನಗೆ ಸಂಕಟ. 'ಜೆಲಸಿ'ಗೆ ಮೂವರು ಬೇಕು. ನನ್ನದೆಂದು ನಾನು ತಿಳಿದಿರುವ ಪ್ರೀತಿಯೊಂದುಂಟು. ಅದನ್ನು ಕೊಡುವವರು ಒಬ್ಬರು. ಅದನ್ನು ಕಸಿದುಕೊಳ್ಳಬಹುದಾದ ಮೂರನೆಯವನು ಒಬ್ಬ. ಮೊದಲನೆಯದು ಇಲ್ಲದಿರುವುದರ ನೋವು. ಎರಡನೆಯದು ಇರುವುದು ಹೋದೀತೆಂಬ ಭಯ. ಪಕ್ಕದ ಮನೆಯ ಹುಡುಗನಿಗೆ ಹೊಸ ಸೈಕಲ್ ಬಂದಾಗ ನಮಗೆ ಆಗುವುದು ಎನ್ವಿ. ತಮ್ಮ ಹುಟ್ಟಿದ ಮೇಲೆ ತಾಯಿಯ ಮಡಿಲು ತಪ್ಪಿದ ಮೂರು ವರ್ಷದ ಮಗುವಿಗೆ ಆಗುವುದು ಜೆಲಸಿ. ಆ ಮಗುವಿಗೆ ತಮ್ಮನ ತೊಟ್ಟಿಲೂ ಬೇಡ, ಗಿಲಕಿಯೂ ಬೇಡ. ತನ್ನ ತಾಯಿ ಬೇಕು.

ಇವೆರಡನ್ನೂ ಒಂದೇ ರಂಗದ ಮೇಲೆ ನೋಡಬೇಕೆಂದರೆ ಷೇಕ್ಸ್‌ಪಿಯರನ 'ಒಥೆಲೊ' ನಾಟಕಕ್ಕೆ ಹೋಗಬೇಕು. 1604ರಲ್ಲಿ ಆಡಿದ ದಾಖಲೆಯಿರುವ ಈ ನಾಟಕ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬಸವಪ್ಪಶಾಸ್ತ್ರಿಗಳ ಕೈಯಲ್ಲಿ 'ಶೂರಸೇನ ಚರಿತ್ರೆ'ಯಾಗಿ ಕನ್ನಡಕ್ಕೆ ಬಂದಿತು. ಒಥೆಲೊನದು ಜೆಲಸಿ. ಹೆಂಡತಿ ಡೆಸ್ಡಿಮೋನ, ಅವಳ ಪ್ರೀತಿಯನ್ನು ಕದ್ದನೆಂದು ಇವನು ನಂಬಿದ ಕ್ಯಾಸಿಯೊ, ನಡುವೆ ತಾನು: ಮೂರೂ ಪಾತ್ರಗಳು ತುಂಬಿವೆ. ಅವನಿಗೆ ಕ್ಯಾಸಿಯೊನಂತೆ ಆಗಬೇಕೆಂಬ ಆಸೆ ಎಲ್ಲಿಯೂ ಇಲ್ಲ. ಇಯಾಗೊನ ವಿಷಯ ಹಾಗಲ್ಲ. ತನಗೆ ಸಿಗಬೇಕಾಗಿದ್ದ ಉಪನಾಯಕನ ಹುದ್ದೆ ಕ್ಯಾಸಿಯೊನಿಗೆ ಹೋಯಿತು. ಸಾಲದುದಕ್ಕೆ ಅವನು ನಡೆನುಡಿಯಲ್ಲಿಯೂ ಚೆಲುವ. ಅವನ ಪಕ್ಕದಲ್ಲಿ ತಾನು ಕೀಳಾಗಿ ಕಾಣುತ್ತೇನೆಂಬುದೇ ಇಯಾಗೊನನ್ನು ಕೊರೆಯುತ್ತದೆ. ಇದು ಎನ್ವಿ. ತನ್ನ ಹೆಂಡತಿಯ ಮೇಲೂ ಅವನಿಗೆ ಸಂಶಯವಿದ್ದುದರಿಂದ ಜೆಲಸಿಯೂ ಅವನಲ್ಲಿ ಅಷ್ಟಿಷ್ಟು ಉಂಟು. ಜೆಲಸಿಯ ರುಚಿಯನ್ನು ತಾನೇ ಬಲ್ಲವನಾದ್ದರಿಂದಲೇ ಅದನ್ನು ಇನ್ನೊಬ್ಬನ ಕಿವಿಗೆ ಅಷ್ಟು ನಿಪುಣವಾಗಿ ಹಿಂಡಬಲ್ಲ. ಇವರಿಬ್ಬರಿಗೂ ಅಂಚಿನಲ್ಲಿ 'ಹೊಟ್ಟೆಕಿಚ್ಚಿನವರು' ಎಂದು ಬರೆದುಕೊಂಡರೆ ನಾಟಕದ ಅರ್ಧ ಕೈತಪ್ಪಿತೆಂದೇ ತಿಳಿಯಬೇಕು. ಒಥೆಲೊನ ಮೇಲೆ ನಮಗೆ ಮರುಕ ಹುಟ್ಟುವುದು ಅವನದು ಪ್ರೀತಿಯೊಳಗಿನ ಕೇಡಾದ್ದರಿಂದ. ಇಯಾಗೊನ ಮೇಲೆ ಯಾರಿಗೂ ಮರುಕ ಹುಟ್ಟಿದ್ದನ್ನು ನಾನು ಕಾಣೆ.

ಪದಗಳ ಹುಟ್ಟನ್ನು ನೋಡಿದರೂ ಈ ಭೇದ ಕಾಣುತ್ತದೆ. 'ಎನ್ವಿ'ಯ ಮೂಲ ಲ್ಯಾಟಿನ್ನಿನ 'ಇನ್‌ವಿಡಿಯ'. ಓರೆಗಣ್ಣಿನಿಂದ ನೋಡುವುದು ಎಂದು ಅದರ ಮೂಲಾರ್ಥ. ಇನ್ನೊಬ್ಬರ ಐಸಿರಿಯ ಮೇಲೆ 'ಕಣ್ಣು ಹಾಕುವುದು' ನಮ್ಮಲ್ಲಿಯೂ ಉಂಟಷ್ಟೆ. ದೃಷ್ಟಿ ತೆಗೆಯುವ ನಮ್ಮ ಅಜ್ಜಿಯರಿಗೂ ರೋಮನರಿಗೂ ಈ ಒಂದು ವಿಷಯದಲ್ಲಿ ಒಮ್ಮತವಿತ್ತೆನ್ನಬೇಕು. 'ಜೆಲಸಿ' ಗ್ರೀಕಿನ 'ಜೀಲಾಸ್' ಎಂಬ ಪದದಿಂದ ಬಂದದ್ದು. ಉತ್ಸಾಹ, ಆಸಕ್ತಿ ಎಂಬ ಅರ್ಥದ 'ಜೀಲ್' ಇದರ ಒಡಹುಟ್ಟು. ಅರಿಸ್ಟಾಟಲನು ತನ್ನ ಭಾಷಣಶಾಸ್ತ್ರದ ಎರಡನೆಯ ಭಾಗದಲ್ಲಿ 'ಜೀಲಾಸ್' ಎಂಬುದನ್ನು ಒಳ್ಳೆಯವರ ಗುಣವೆಂದೇ ಎಣಿಸಿದ್ದಾನೆ. ಅವನ ಮಾತಿನಲ್ಲಿ ಅದು, ಇನ್ನೊಬ್ಬನಿಗೆ ಇದೆಯೆಂಬ ಸಂಕಟವಲ್ಲ, ನನಗೂ ಅದು ಇಲ್ಲವಲ್ಲ ಎಂಬ ಚಡಪಡಿಕೆ. ನಾವು ಸ್ಪರ್ಧಾಮನೋಭಾವವೆನ್ನುವುದಕ್ಕೆ ಹತ್ತಿರವಾದದ್ದು. ಹೀಗೆ ಗೌರವಸ್ಥರ ಮನೆಯಲ್ಲಿ ಹುಟ್ಟಿದ್ದರಿಂದಲೋ ಏನೋ, ಜೆಲಸಿಗೆ ಇಂಗ್ಲಿಷಿನಲ್ಲಿ ಇಂದಿಗೂ ಒಂದು ಸಭ್ಯ ಅರ್ಥ ಉಳಿದಿದೆ. 1611ರ ಇಂಗ್ಲಿಷ್ ಬೈಬಲಿನಲ್ಲಿ, ತನ್ನನ್ನು ಬಿಟ್ಟು ಬೇರೆ ದೇವತೆಗಳನ್ನು ಪೂಜಿಸಕೂಡದೆಂದು ಆಜ್ಞೆ ಮಾಡುವ ದೇವರು ತಾನು 'ಜೆಲಸ್' ಎಂದೇ ಹೇಳಿಕೊಳ್ಳುತ್ತಾನೆ. ಅಲ್ಲಿ 'ಎನ್ವಿಯಸ್' ಎಂದು ಹಾಕಿದರೆ ದೇವರಿಗೂ ಏನೋ ಕೊರತೆಯಿದೆಯೆಂದಾಗುತ್ತಿತ್ತು. ಜನರು ತಮ್ಮ ಸ್ವಾತಂತ್ರ್ಯವನ್ನು 'ಜೆಲಸ್' ಆಗಿ ಕಾಯುತ್ತಾರೆ. 'ಎನ್ವಿಯಸ್' ಆಗಿ ಯಾರೂ ಯಾವುದನ್ನೂ ಕಾಯುವುದಿಲ್ಲ.

ನಮ್ಮಲ್ಲಿ ಈ ಭೇದವೇ ಇರಲಿಲ್ಲವೆಂದು ಹೇಳುವಂತಿಲ್ಲ. ಅಮರಕೋಶ ಸಹಿಸದಿರುವಿಕೆಯನ್ನು ಈರ್ಷ್ಯೆಯೆಂದೂ, ಗುಣವಿರುವಲ್ಲಿಯೂ ದೋಷ ಹೊರಿಸುವುದನ್ನು ಅಸೂಯೆಯೆಂದೂ ಬೇರೆ ಮಾಡಿ ಹೇಳುತ್ತದೆ. ಭರತಮುನಿಯ ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಸೇರಿರುವುದು ಅಸೂಯೆ. ನಾಯಕನು ಬೇರೊಬ್ಬಳಲ್ಲಿ ಮನಸ್ಸಿಟ್ಟನೆಂದು ನಾಯಿಕೆ ಮುನಿಯುವುದಕ್ಕೆ ಆಲಂಕಾರಿಕರು ಇಟ್ಟ ಹೆಸರು ಈರ್ಷ್ಯಾಮಾನ. ಇಲ್ಲಿಯೂ ಪಾತ್ರಗಳು ಮೂರು! ಎರಡು ಪದಗಳೂ ಕನ್ನಡಕ್ಕೆ ಬಂದಿವೆ; ಆದರೆ ನಾವು ಇಬ್ಬರು ಅತಿಥಿಗಳನ್ನೂ ಒಂದೇ ಕೋಣೆಯಲ್ಲಿ ಇಳಿಸಿ ಅವರ ಗುರುತನ್ನೇ ಮರೆತಿದ್ದೇವೆ. ಇಂದಿನ ಇಂಗ್ಲಿಷರೂ ನಮಗಿಂತ ಬಹಳ ಮೇಲೇನಲ್ಲ. ಸ್ನೇಹಿತನ ಹೊಸ ಕೋಟನ್ನು ನೋಡಿ 'ಜೆಲಸ್ ಆದೆ' ಎನ್ನುವುದು ಅವರಲ್ಲಿ ದಿನದ ಮಾತು. ಮಾತಿನಲ್ಲಿ ಅದು ನಡೆಯಲಿ. ಬರವಣಿಗೆಯಲ್ಲಿ ಭೇದವನ್ನು ಉಳಿಸಿಕೊಳ್ಳುವುದು ಲೇಸೆಂದು ನನ್ನ ಮತ.

ಇನ್ನು ನಾಚಿಕೆಯ ಸಂಸಾರ. ಕಾಲೇಜು ದಿನಾಚರಣೆಯಲ್ಲಿ ಹಾಡೆಂದು ಎಬ್ಬಿಸಿದಾಗ ತಲೆ ತಗ್ಗಿಸುವ ಹುಡುಗಿಗೂ ನಾಚಿಕೆ. ಪರೀಕ್ಷೆಯಲ್ಲಿ ಚೀಟಿಯೊಡನೆ ಸಿಕ್ಕಿಬಿದ್ದವನಿಗೂ ನಾಚಿಕೆ. ಮೊದಲನೆಯವಳದು 'ಷೈನೆಸ್'; ಹಾಡುವಾಗ ಮರೆತು ನಿಂತುಬಿಟ್ಟರೆ ಅದು 'ಎಂಬ್ಯಾರಸ್‌ಮೆಂಟ್'. ಈ ಪದ ಫ್ರೆಂಚಿನಿಂದ ಬಂದದ್ದು. ದಾರಿಗೆ ಅಡ್ಡಗಟ್ಟುವುದು ಎಂದು ಅದರ ಮೊದಲಿನ ಅರ್ಥ. ಸಾಲದಲ್ಲಿ ಸಿಕ್ಕಿದವನನ್ನು ಇಂಗ್ಲಿಷಿನಲ್ಲಿ 'ಎಂಬ್ಯಾರಸ್ಡ್' ಎನ್ನುವುದು ಇದರಿಂದಲೇ. ಇದಕ್ಕೆ ನೋಡುವವರು ಬೇಕೇ ಬೇಕು. ಕೋಣೆಯೊಳಗೆ ಒಬ್ಬನೇ ಇದ್ದಾಗ ಎಡವಿ ಬಿದ್ದರೆ ಮೊಣಕಾಲಿಗೆ ಪೆಟ್ಟು, ಅಷ್ಟೆ. ಹತ್ತು ಜನರ ನಡುವೆ ಬಿದ್ದರೆ ಮೊಣಕಾಲಿನ ನೋವನ್ನು ಮರೆಸುವ ಮುಜುಗರ. ಚೀಟಿಯವನದು 'ಷೇಮ್'; ಅಲ್ಲಿ ಮನುಷ್ಯನ ಯೋಗ್ಯತೆಗೇ ಕುಂದು. ಅವನಿಗೆ ಆಮೇಲೆ, ಯಾರೂ ನೋಡದಿರುವಾಗಲೂ, ತಾನು ಮಾಡಿದ್ದು ಅನ್ಯಾಯವೆಂದು ಒಳಗೆ ಚುಚ್ಚತೊಡಗಿದರೆ ಅದು 'ಗಿಲ್ಟ್'.

ಷೇಮ್ ಮತ್ತು ಗಿಲ್ಟ್‌ಗಳ ನಡುವಣ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದರ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ಬಹಳ ನಡೆದಿದೆ. ರೂತ್ ಬೆನೆಡಿಕ್ಟ್ ಎಂಬ ಮಾನವಶಾಸ್ತ್ರಜ್ಞೆ 1946ರಲ್ಲಿ ಜಪಾನನ್ನು ಕುರಿತು ಬರೆದ ಪುಸ್ತಕದಲ್ಲಿ, ಹೊರಗಿನವರ ಕಣ್ಣಿಗೆ ಅಂಜುವ ಸಂಸ್ಕೃತಿಗಳು ಒಂದು ಬಗೆ, ಒಳಗಿನ ದನಿಗೆ ಅಂಜುವ ಸಂಸ್ಕೃತಿಗಳು ಇನ್ನೊಂದು ಬಗೆ ಎಂದು ವಿಂಗಡಿಸಿದಳು. ಒಂದೊಂದು ದೇಶಕ್ಕೆ ಒಂದೊಂದು ಹಣೆಪಟ್ಟಿ ಅಂಟಿಸುವ ಈ ಕ್ರಮ ನನಗೆ ರುಚಿಸುವುದಿಲ್ಲ. 1971ರಲ್ಲಿ ಹೆಲೆನ್ ಬ್ಲಾಕ್ ಲೂಯಿಸ್ ಎಂಬ ಮನಶ್ಶಾಸ್ತ್ರಜ್ಞೆ ತೋರಿಸಿದ ದಾರಿ ಇದಕ್ಕಿಂತ ಹಸನಾದದ್ದು: ಷೇಮ್‌ನಲ್ಲಿ ನಿಂದೆಗೆ ಗುರಿಯಾಗುವುದು ಇಡೀ 'ನಾನು', ಗಿಲ್ಟ್‌ನಲ್ಲಿ ಗುರಿಯಾಗುವುದು ನಾನು ಮಾಡಿದ ಒಂದು ಕಾರ್ಯ. ಆದ್ದರಿಂದಲೇ ಷೇಮ್ ಆದವನು ಮುಖ ಮರೆಸಿಕೊಳ್ಳಲು ಜಾಗ ಹುಡುಕುತ್ತಾನೆ. ಗಿಲ್ಟ್ ಆದವನು ಮಾಡಿದ್ದನ್ನು ಸರಿಪಡಿಸಲು ದಾರಿ ಹುಡುಕುತ್ತಾನೆ.

ಸೊಫೊಕ್ಲೀಸನ 'ಏಜಾಕ್ಸ್' ನಾಟಕವನ್ನು ಈ ಕಣ್ಣಿನಿಂದ ನೋಡಬಹುದು. ಮಡಿದ ಅಕಿಲೀಸನ ಆಯುಧಗಳು ತನಗೆ ಬಾರದೆ ಒಡಿಸ್ಯೂಸನಿಗೆ ಹೋದುವೆಂದು ಕೆರಳಿದ ವೀರ ಏಜಾಕ್ಸ್ ಗ್ರೀಕ್ ನಾಯಕರನ್ನೇ ಕೊಲ್ಲಲು ಹೊರಡುತ್ತಾನೆ. ಅಥೀನಾ ದೇವಿ ಅವನಿಗೆ ಮರುಳು ಹಿಡಿಸುತ್ತಾಳೆ. ಶತ್ರುಗಳೆಂದು ಬಗೆದು ದನಕುರಿಗಳನ್ನು ಕಡಿಯುತ್ತಾನೆ. ಬುದ್ಧಿ ತಿಳಿದ ಮೇಲೆ ತನ್ನ ಕತ್ತಿಯ ಮೇಲೆ ತಾನೇ ಬಿದ್ದು ಸಾಯುತ್ತಾನೆ. ಅವನಿಗೆ ಕೊಲೆಗೆ ಹೊರಟೆನೆಂಬ ದುಗುಡವಿಲ್ಲ. ಕೊಲೆ ತಪ್ಪಿ ಕುರಿಗಳಾದುವಲ್ಲ, ವೈರಿಗಳು ನಗುವರಲ್ಲ ಎಂಬುದೇ ದುಗುಡ. ಅಲ್ಲಿರುವುದು ಶುದ್ಧವಾದ ಷೇಮ್; ಗಿಲ್ಟಿನ ಸುಳಿವೂ ಇಲ್ಲ. ಬಿ.ಎಂ.ಶ್ರೀಯವರು ಈ ಕಥೆಯನ್ನು ಮಹಾಭಾರತದ ವೀರನೊಬ್ಬನಿಗೆ ಹೊಂದಿಸಿ 1929ರಲ್ಲಿ 'ಅಶ್ವತ್ಥಾಮನ್' ಬರೆದರು. ಅದನ್ನು ಓದಿರುವ ಮಿತ್ರರು, ನಾಯಕನ ಅಳಲನ್ನು 'ಪಾಪಪ್ರಜ್ಞೆ'ಯೆಂದು ಪರೀಕ್ಷೆಯಲ್ಲಿ ಬರೆಯುವ ಮುನ್ನ ಒಂದು ಕ್ಷಣ ನಿಲ್ಲಬೇಕು.

ಅಂದ ಹಾಗೆ, 'ಗಿಲ್ಟ್' ಎಂಬುದು ಮೊದಲಿಗೆ ಭಾವದ ಹೆಸರೇ ಅಲ್ಲ. ಅಪರಾಧವೆಂಬ ಸಂಗತಿಯ ಹೆಸರು. ನ್ಯಾಯಾಲಯದಲ್ಲಿ ಒಬ್ಬನು 'ಗಿಲ್ಟಿ' ಎಂದು ತೀರ್ಪಾದರೆ ಅವನ ಮನಸ್ಸಿನಲ್ಲಿ ಏನಿದೆಯೆಂದು ಯಾರೂ ಕೇಳಲಿಲ್ಲ. ಅಪರಾಧಿಯಾಗಿದ್ದೂ ಗಿಲ್ಟ್ ಇಲ್ಲದವರುಂಟು. ಯಾವ ಅಪರಾಧವನ್ನೂ ಮಾಡದೆ ಅದರಲ್ಲಿ ಬೇಯುವವರೂ ಉಂಟು. ಅಪಘಾತದಲ್ಲಿ ತಾನೊಬ್ಬನೇ ಉಳಿದವನ ಸಂಕಟ ಇಂಥದು.

ಇಲ್ಲಿಂದ 'ಸಾರಿ' ಎಂಬ ಪದಕ್ಕೆ ಒಂದೇ ಹೆಜ್ಜೆ. ಬಸ್ಸಿನಲ್ಲಿ ಕಾಲು ತುಳಿದರೆ ಸಾರಿ, ಮನೆಯಲ್ಲಿ ಸಾವಾದವರನ್ನು ಕಂಡರೂ ಸಾರಿ. ಇದನ್ನು ಕೇಳಿ ನಮ್ಮ ಕಡೆಯ ಹಿರಿಯರು, ಸತ್ತದ್ದು ನಮ್ಮವರು, ಈ ಹುಡುಗ ಏಕೆ ಕ್ಷಮೆ ಕೇಳುತ್ತಾನೆ ಎಂದು ಬೆರಗಾಗುವುದುಂಟು. ಇಂಗ್ಲಿಷಿನ ಈ ಪದ 'ಸಾರೋ' ಎಂಬುದರ ಮಗುವೆಂದು ತೋರಿದರೂ ನಿಜವಾಗಿ ಅದಕ್ಕೂ ಇದಕ್ಕೂ ಮೂಲದಲ್ಲಿ ನಂಟಿಲ್ಲ. ಹುಣ್ಣು, ನೋವು ಎಂಬ ಅರ್ಥದ 'ಸೋರ್' ಇದರ ಕುಲ. ನೋವಾಗಿದೆ ಎಂಬಷ್ಟು ಮಾತ್ರ ಅದರ ಮೂಲಾರ್ಥ. ನೋವಿಗೆ ಕಾರಣ ನಾನೇ ಎಂಬ ಅರ್ಥ ಸಂದರ್ಭದಿಂದ ಬರುವುದು. 'ರಿಗ್ರೆಟ್' ಇನ್ನೂ ಜಾಣ ಪದ. ಹೀಗಾಗಬಾರದಿತ್ತು ಎಂದಷ್ಟೇ ಅದು ಹೇಳುತ್ತದೆ. ಯಾರಿಂದ ಆಯಿತೆಂಬುದನ್ನು ಬಾಯಿ ಬಿಡುವುದಿಲ್ಲ. ರೈಲು ತಡವಾದಾಗ ನಿಲ್ದಾಣದ ಧ್ವನಿವರ್ಧಕದಲ್ಲಿ ಕೇಳಿಬರುವ 'ವಿಷಾದ' ಈ ಜಾತಿಯದು. 'ರಿಮೋರ್ಸ್' ಹಾಗೆ ನುಣುಚಿಕೊಳ್ಳಲಾರದು. ಲ್ಯಾಟಿನ್ನಿನಲ್ಲಿ ಅದರ ಅರ್ಥ ಮತ್ತೆ ಮತ್ತೆ ಕಚ್ಚುವುದು. ಕಚ್ಚಿಸಿಕೊಳ್ಳುವವನು ಮಾಡಿದವನೇ ಆಗಿರಬೇಕು. ನಮ್ಮ 'ಪಶ್ಚಾತ್ತಾಪ'ದಲ್ಲಿ ಕಚ್ಚುವಿಕೆಯಿಲ್ಲ, ಬಳಿಕ ಹತ್ತುವ ಬೆಂಕಿಯಿದೆ. ಅವರಿಗೆ ಹಲ್ಲು, ನಮಗೆ ಉರಿ!

ಈ ಭೇದ ಕೇವಲ ಕೋಶದೊಳಗಿನದೆಂದು ಯಾರಾದರೂ ತಿಳಿದಿದ್ದರೆ ಆಸ್ಟ್ರೇಲಿಯಾದ ಕಥೆಯನ್ನು ಕೇಳಬೇಕು. ಅಲ್ಲಿಯ ಮೂಲನಿವಾಸಿಗಳ ಮಕ್ಕಳನ್ನು ತಾಯಿತಂದೆಗಳಿಂದ ಬಲವಂತವಾಗಿ ಬೇರ್ಪಡಿಸಿ ಅನಾಥಾಲಯಗಳಲ್ಲಿಯೂ ಬಿಳಿಯರ ಮನೆಗಳಲ್ಲಿಯೂ ಬೆಳೆಸುವ ಕ್ರಮ ಇಪ್ಪತ್ತನೆಯ ಶತಮಾನದಲ್ಲಿ ಹಲವು ದಶಕಗಳ ಕಾಲ ನಡೆಯಿತು. 1997ರಲ್ಲಿ ಹೊರಬಂದ ವಿಚಾರಣಾ ವರದಿ, ಸರ್ಕಾರ ಇದಕ್ಕಾಗಿ ಕ್ಷಮೆ ಕೇಳಬೇಕೆಂದು ಹೇಳಿತು. ಆಗಿನ ಪ್ರಧಾನಿ ಜಾನ್ ಹೋವರ್ಡ್ 1999ರ ಆಗಸ್ಟಿನಲ್ಲಿ ಸಂಸತ್ತಿನ ಮುಂದೆ ತಂದ ನಿರ್ಣಯದಲ್ಲಿ ಇದ್ದ ಪದ 'ರಿಗ್ರೆಟ್'. ಆಳವಾದ, ಪ್ರಾಮಾಣಿಕವಾದ ರಿಗ್ರೆಟ್ ಎಂದು ವಿಶೇಷಣಗಳೂ ಇದ್ದುವು. ಇಲ್ಲದ್ದು 'ಸಾರಿ' ಒಂದೇ. ಹಿಂದಿನವರು ಮಾಡಿದ್ದಕ್ಕೆ ಇಂದಿನವರು ಹೊಣೆಯಲ್ಲವೆಂಬುದು ಅವರ ವಾದ. ಅದೊಂದು ಪದವನ್ನು ಕೇಳಿಕೊಂಡು ಜನ ಬೀದಿಯಲ್ಲಿ ಮೆರವಣಿಗೆ ಹೋದರು. 1998ರಿಂದ ವರ್ಷ ವರ್ಷ ಮೇ 26ನ್ನು 'ಸಾರಿ' ದಿನವೆಂದೇ ಆಚರಿಸತೊಡಗಿದರು. ಕೊನೆಗೆ 2008ರ ಫೆಬ್ರುವರಿ 13ರಂದು ಹೊಸ ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಆ ಪದವನ್ನು ನುಡಿದರು. ಕೇಳಲು ಬಂದಿದ್ದ ಮುದುಕಿಯರು ಅತ್ತರು. ಪ್ರಮಾಣದಿಂದ ಅಳೆದರೆ ಹೋವರ್ಡರ ಪದಕ್ಕೆ ವಿಶೇಷಣಗಳ ಬಲವಿತ್ತು, ರಡ್ಡರದು ಬರಿಯ ಎರಡಕ್ಷರದ ಮಾತು. ಆದರೆ ಒಂದರಲ್ಲಿ ಮಾಡಿದವನು ಇಲ್ಲ, ಇನ್ನೊಂದರಲ್ಲಿ ಇದ್ದಾನೆ.

ನಮ್ಮ ದೇಶಕ್ಕೂ ಇಂಥದೇ ಒಂದು ಲೆಕ್ಕ ಬಾಕಿಯಿದೆ. 1919ರ ಏಪ್ರಿಲ್ 13ರಂದು ಅಮೃತಸರದ ಜಲಿಯನ್‌ವಾಲಾ ಬಾಗಿನಲ್ಲಿ ಡಯರನ ಗುಂಡಿಗೆ ಬಲಿಯಾದವರು ಸರ್ಕಾರಿ ವಿಚಾರಣೆಯ ಲೆಕ್ಕದಲ್ಲಿಯೇ 379 ಮಂದಿ. ಕಾಂಗ್ರೆಸ್ಸಿನ ವಿಚಾರಣೆ ಕಂಡ ಸಂಖ್ಯೆ ಅದಕ್ಕಿಂತ ಬಹಳ ಹೆಚ್ಚು. 2013ರಲ್ಲಿ ಅಲ್ಲಿಗೆ ಬಂದ ಬ್ರಿಟಿಷ್ ಪ್ರಧಾನಿ ಡೇವಿಡ್ ಕ್ಯಾಮರಾನ್ ಸಂದರ್ಶಕರ ಪುಸ್ತಕದಲ್ಲಿ ಆ ಘಟನೆಯನ್ನು 'ಷೇಮ್‌ಫುಲ್' ಎಂದು ಬರೆದರು. ನೂರು ವರ್ಷ ತುಂಬುವ ಮೂರು ದಿನ ಮುಂಚೆ, 2019ರ ಏಪ್ರಿಲ್ 10ರಂದು, ಪ್ರಧಾನಿ ತೆರೇಸಾ ಮೇ ತಮ್ಮ ಸಂಸತ್ತಿನಲ್ಲಿ 'ರಿಗ್ರೆಟ್' ಎಂದರು. ವಿರೋಧಪಕ್ಷದ ನಾಯಕ ಜೆರೆಮಿ ಕಾರ್ಬಿನ್ ಅಲ್ಲಿಯೇ ಎದ್ದು, ಇದು ಸಾಲದು, ಸ್ಪಷ್ಟವಾದ 'ಅಪಾಲಜಿ' ಬೇಕೆಂದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ಆ ನೆಲದ ಮೇಲೆ ಉದ್ದಂಡ ಮಲಗಿ, ತಾನು 'ಅಷೇಮ್ಡ್' ಮತ್ತು 'ಸಾರಿ' ಎರಡೂ ಎಂದು ಹೇಳಿದರು. ಆದರೆ ತಾನು ಮಾತಾಡುತ್ತಿರುವುದು ಸರ್ಕಾರದ ಪರವಾಗಿ ಅಲ್ಲವೆಂದೂ ಸೇರಿಸಿದರು. ಪತ್ರಿಕೆಗಳಲ್ಲಿ ಇವೆಲ್ಲಕ್ಕೂ 'ವಿಷಾದ' ಎಂಬ ಒಂದೇ ತಲೆಬರಹ ಕೊಟ್ಟರೆ ಯಾರು ಎಷ್ಟು ಒಪ್ಪಿಕೊಂಡರೆಂಬುದು ಓದುವವರಿಗೆ ತಿಳಿಯುವ ಬಗೆ ಹೇಗೆ?

ಸಿಟ್ಟಿನ ಪದಗಳನ್ನು ಬೇಗ ಮುಗಿಸುತ್ತೇನೆ. 'ಆಂಗರ್' ಯಾರಿಗೂ ಯಾವುದಕ್ಕೂ ಬರಬಹುದು, ಹೊತ್ತಿಕೊಳ್ಳದ ಸೀಮೆಎಣ್ಣೆ ಒಲೆಯ ಮೇಲೂ ಬರಬಹುದು. 'ಇಂಡಿಗ್ನೇಷನ್' ಒಲೆಯ ಮೇಲೆ ಬಾರದು. ಅದಕ್ಕೆ ಅನ್ಯಾಯ ಬೇಕು, ಆ ಅನ್ಯಾಯ ನನಗೇ ಆಗಿರಬೇಕೆಂದೇನೂ ಇಲ್ಲ. 'ರಿಸೆಂಟ್‌ಮೆಂಟ್' ಎಂಬುದು ಆರದ, ಹೇಳಿಕೊಳ್ಳದ, ಮನಸ್ಸಿನಲ್ಲಿ ಮತ್ತೆ ಮತ್ತೆ ಮೆಲುಕು ಹಾಕಿದ ಸಿಟ್ಟು. ಇದು ಮೊದಲಿಗೆ ಯಾವ ಭಾವವನ್ನಾದರೂ ತೀವ್ರವಾಗಿ ಅನುಭವಿಸುವುದಕ್ಕೆ ಸಲ್ಲುತ್ತಿತ್ತು. ಹದಿನೇಳನೆಯ ಶತಮಾನದಲ್ಲಿ ಉಪಕಾರಸ್ಮರಣೆಗೂ ಇದೇ ಪದ ಬಳಕೆಯಾದದ್ದುಂಟು. ಉಪಕಾರದ ನೆನಪು ಅಳಿದು ಅಪಕಾರದ ನೆನಪೊಂದೇ ಉಳಿಯಿತು. ಮನುಷ್ಯಸ್ವಭಾವ ಪದದಲ್ಲಿಯೂ ಗೆದ್ದಿತು. ನಮ್ಮ 'ಮುನಿಸು' ಎಂಬುದಕ್ಕೆ ಮಾತ್ರ ಇಂಗ್ಲಿಷಿನಲ್ಲಿ ಸರಿಸಾಟಿ ಇಲ್ಲ. ಪ್ರೀತಿಯಿಲ್ಲದ ಕಡೆ ಮುನಿಸಿಲ್ಲ.

ಭಯದ ಮಾತು ಹೀಗೆ: 'ಫಿಯರ್'ಗೆ ಎದುರಿಗೊಂದು ವಸ್ತುವಿದೆ, ಹಾವೋ ನಾಯಿಯೋ ಪ್ರಾಂಶುಪಾಲರ ಕೊಠಡಿಯ ಬಾಗಿಲೋ. 'ಆಂಗ್‌ಜೈಟಿ'ಗೆ ವಸ್ತು ಸ್ಪಷ್ಟವಿಲ್ಲ. ಏನೋ ಆದೀತೆಂಬ ಬಿಗಿತ. ಗಂಟಲು ಹಿಚುಕು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಅದು ಹುಟ್ಟಿದೆ; ಸಂಕಟವೆಂಬ ಅರ್ಥದ ಸಂಸ್ಕೃತದ 'ಅಂಹಸ್' ಇದೇ ವಂಶದ್ದು. 'ಡ್ರೆಡ್' ಎಂದರೆ ಬರುವುದು ಖಂಡಿತವೆಂದು ತಿಳಿದೂ ಕಾಯಬೇಕಾದ ಭಯ. ಈ ಎರಡು ಪದಗಳನ್ನು ಬೇರೆ ಮಾಡುವುದು ಪಂಡಿತರಿಗೂ ಸುಲಭವಲ್ಲ. ಡೆನ್ಮಾರ್ಕಿನ ಕೀರ್ಕೆಗಾರ್ಡ್ 1844ರಲ್ಲಿ ಬರೆದ ಗ್ರಂಥವೊಂದು 1944ರ ಇಂಗ್ಲಿಷ್ ಅನುವಾದದಲ್ಲಿ 'ಡ್ರೆಡ್' ಎಂಬುದರ ವಿವೇಚನೆಯಾಗಿತ್ತು; 1980ರ ಅನುವಾದದಲ್ಲಿ ಅದೇ ಗ್ರಂಥ 'ಆಂಗ್‌ಜೈಟಿ'ಯ ವಿವೇಚನೆಯಾಯಿತು. ಗ್ರಂಥ ಬದಲಾಗಲಿಲ್ಲ, ರಟ್ಟಿನ ಮೇಲಿನ ಹೆಸರು ಬದಲಾಯಿತು.

ದುಃಖದ ಪದಗಳಲ್ಲಿ 'ಗ್ರೀಫ್' ಎಲ್ಲಕ್ಕಿಂತ ಭಾರ. ಭಾರ ಎಂಬುದೇ ಅದರ ಮೂಲಾರ್ಥ, ನಮ್ಮ 'ಗುರು' ಶಬ್ದಕ್ಕೂ ಅದಕ್ಕೂ ಮೂಲ ಒಂದೇ. ಅದಕ್ಕೆ ಕಳೆದುಹೋದವರೊಬ್ಬರು ಬೇಕು. 'ಸ್ಯಾಡ್' ಆಗಲು ಅಂಥದೇನೂ ಬೇಡ, ಮೋಡ ಕವಿದ ಸಂಜೆಯಾದರೂ ಸಾಕು. ಹಳೆಯ ಇಂಗ್ಲಿಷಿನಲ್ಲಿ 'ಸ್ಯಾಡ್' ಎಂದರೆ ಹೊಟ್ಟೆ ತುಂಬಿದವನು ಎಂದರ್ಥವಿತ್ತೆಂದರೆ ಯಾರೂ ನಂಬಲಾರರು. ತುಂಬಿದವನು ಭಾರವಾದ, ಭಾರವಾದವನು ಗಂಭೀರನಾದ, ಗಂಭೀರನು ಕೊನೆಗೆ ದುಃಖಿಯಾದ.

ಆದರೆ ಈ ಗುಂಪಿನಲ್ಲಿ ನಮಗೆ ಅತ್ಯಂತ ಹತ್ತಿರವಾದದ್ದು 'ಡಿಪ್ರೆಷನ್'. ಆಂತರಿಕ ಪರೀಕ್ಷೆಯಲ್ಲಿ ನಾಲ್ಕು ಅಂಕ ಕಡಿಮೆಯಾದರೂ, ಪಂದ್ಯದಲ್ಲಿ ನಮ್ಮ ತಂಡ ಸೋತರೂ ಈಗ ವಿದ್ಯಾರ್ಥಿನಿಲಯದಲ್ಲಿ ಕೇಳಿಬರುವ ಪದ ಇದೇ. ವೈದ್ಯರಿಗೆ ಇದು ಮನಃಸ್ಥಿತಿಯ ವರ್ಣನೆಯಲ್ಲ, ರೋಗದ ಹೆಸರು. ಕನಿಷ್ಠ ಎರಡು ವಾರ ದಿನದ ಬಹುಭಾಗ ಮನಸ್ಸು ಕುಗ್ಗಿರುವುದು ಅಥವಾ ಮೊದಲು ಇಷ್ಟವಾಗುತ್ತಿದ್ದ ಯಾವುದರಲ್ಲಿಯೂ ರುಚಿಯಿಲ್ಲದಿರುವುದು, ಅದರೊಡನೆ ನಿದ್ರೆ, ಊಟ, ಏಕಾಗ್ರತೆಗಳು ಕೆಡುವುದು ಮುಂತಾದ ಲಕ್ಷಣಗಳನ್ನು ನೋಡಿ ಅವರು ಹೆಸರಿಡುತ್ತಾರೆ. ಈ ರೋಗಿ ಅನೇಕ ವೇಳೆ ತಾನು 'ಸ್ಯಾಡ್' ಎಂದು ಹೇಳುವುದೇ ಇಲ್ಲ. ತನಗೆ ಏನೂ ಅನ್ನಿಸುತ್ತಿಲ್ಲವೆಂದು ಹೇಳುತ್ತಾನೆ. ಅಮೆರಿಕದ ಕಾದಂಬರಿಕಾರ ವಿಲಿಯಂ ಸ್ಟೈರನ್ ಈ ರೋಗದಿಂದ ನರಳಿ ಎದ್ದು 1990ರಲ್ಲಿ ಬರೆದ ಪುಸ್ತಕದಲ್ಲಿ ಪದದ ಮೇಲೆಯೇ ಹರಿಹಾಯ್ದಿದ್ದಾನೆ: ನೆಲದ ತಗ್ಗಿಗೂ ವ್ಯಾಪಾರದ ಕುಸಿತಕ್ಕೂ ಸಲ್ಲುವ ಈ ಸಪ್ಪೆ ಪದ ಇಂಥ ಘೋರಕ್ಕೆ ಹೆಸರಾಗಲು ತಕ್ಕದ್ದಲ್ಲವೆಂದು. ನಮ್ಮ ಕಡಲತೀರದ ಹವಾಮಾನ ವರದಿಯ 'ವಾಯುಭಾರ ಕುಸಿತ'ವೂ ಇಂಗ್ಲಿಷಿನಲ್ಲಿ ಇದೇ ಪದವಷ್ಟೆ. ನನ್ನ ಕಳವಳ ಸ್ಟೈರನ್ನನದಕ್ಕಿಂತ ಸಣ್ಣದು. ಹತ್ತು ಜನ ಸೋತ ಪಂದ್ಯಕ್ಕೆ 'ಡಿಪ್ರೆಷನ್' ಎಂದು ಕೂಗುತ್ತಿರುವ ಕೋಣೆಯಲ್ಲಿ, ಗೋಡೆಯ ಕಡೆಗೆ ತಿರುಗಿ ಮಲಗಿರುವ ಹನ್ನೊಂದನೆಯವನು ಅದೇ ಪದವನ್ನು ಮೆಲ್ಲಗೆ ಹೇಳಿದರೆ ಕೇಳುವವರು ಯಾರು? ನಮ್ಮ ನಡುವೆ ಅಂಥವನು ಇದ್ದರೆ ಅವನಿಗೆ ಸಮಾಧಾನದ ಮಾತಿಗಿಂತ ಮುಂಚೆ ವೈದ್ಯರು ಬೇಕು.

ಕೊನೆಯದಾಗಿ, ವಿದ್ಯಾರ್ಥಿನಿಲಯದಲ್ಲಿ ಎಲ್ಲರಿಗೂ ಪರಿಚಿತವಾದ ಇನ್ನೊಂದು ಭಾವ. ಮನೆಯಿಂದ ಬಂದ ಹೊಸದರಲ್ಲಿ ಊಟದ ಹೊತ್ತಿಗೆ ಕಣ್ಣು ತುಂಬಿಬರುವುದಕ್ಕೆ ಇಂಗ್ಲಿಷಿನಲ್ಲಿ 'ಹೋಂಸಿಕ್‌ನೆಸ್' ಎನ್ನುತ್ತಾರೆ. 'ನಾಸ್ಟಾಲ್ಜಿಯ' ಈಗ ಬೇರೆ. ಅದು ಕಳೆದ ಕಾಲದ ಹಂಬಲ, ಊರಿಗೆ ಟಿಕೀಟು ಕೊಂಡರೆ ತೀರುವುದಲ್ಲ. ಆದರೆ ಹುಟ್ಟಿದಾಗ ಅದಕ್ಕೂ ಅರ್ಥ ಮನೆಯ ಹಂಬಲವೆಂದೇ. 1688ರಲ್ಲಿ ಯೋಹಾನ್ನೆಸ್ ಹೋಫರ್ ಎಂಬ ವೈದ್ಯವಿದ್ಯಾರ್ಥಿ ಬಾಸೆಲ್ ನಗರದಲ್ಲಿ ಬರೆದ ಪ್ರಬಂಧಕ್ಕಾಗಿ, ಮರಳುವಿಕೆ, ನೋವು ಎಂಬ ಎರಡು ಗ್ರೀಕ್ ಪದಗಳನ್ನು ಹೊಲಿದು ಈ ಹೆಸರನ್ನು ಕಟ್ಟಿದನು. ಅವನಿಗದು ಔಷಧ ಬೇಕಾದ ಒಂದು ಕಾಯಿಲೆ. ಅವನು ವರ್ಣಿಸಿದ ರೋಗಿಗಳಲ್ಲಿ ಬೆರ್ನ್ ಪಟ್ಟಣದಿಂದ ಬಾಸೆಲಿಗೆ ಓದಲು ಬಂದ ಒಬ್ಬ ಹುಡುಗನೂ ಇದ್ದಾನೆ. ಊರಿಗೆ ಕಳಿಸುವುದೆಂದು ನಿಶ್ಚಯವಾಗಿ ಗಾಡಿ ಹೊರಟಿದ್ದೇ ತಡ, ದಾರಿಯಲ್ಲಿಯೇ ಅವನು ಚೇತರಿಸಿಕೊಂಡನಂತೆ. ನಮ್ಮ ನಿಲಯದ ಮೇಲ್ವಿಚಾರಕರಿಗೆ ರಜೆಯ ಅರ್ಜಿ ಕೊಡುವವರು ಈ ನಿದರ್ಶನವನ್ನು ನೆನಪಿಟ್ಟುಕೊಳ್ಳಬಹುದು.

ಆದರೆ ಹೆಣ್ಣುಮಕ್ಕಳು ಬೀಸುವಾಗ ಹಾಡುವ ತ್ರಿಪದಿಗಳಲ್ಲಿ ತುಂಬಿರುವ ತವರಿನ ಹಂಬಲ ಈ ಎರಡರಲ್ಲಿ ಯಾವುದು? ನಾಸ್ಟಾಲ್ಜಿಯ ಅಲ್ಲ, ಏಕೆಂದರೆ ತವರು ಕಳೆದುಹೋದ ಕಾಲವಲ್ಲ. ಅಲ್ಲಿ ಅಣ್ಣ ಇದ್ದಾನೆ, ಹಬ್ಬಕ್ಕೆ ಕರೆಯಲು ಬರುತ್ತಾನೆ ಅಥವಾ ಬರುವುದಿಲ್ಲ. ಹೋಂಸಿಕ್‌ನೆಸ್ ಎನ್ನೋಣವೆಂದರೆ, ಅವಳ ಮನೆಯೆಂದು ಲೋಕ ಹೇಳುವುದು ಅವಳೀಗ ಬೀಸುತ್ತಿರುವ ಈ ಮನೆಯನ್ನೇ. ಎರಡು ಮನೆಗಳ ನಡುವೆ ನಿಂತವಳ ಭಾವಕ್ಕೆ ಒಂದೇ ಮನೆಯ ಪದ ಸಾಲುವುದಿಲ್ಲ. ಅನುವಾದದ ಅಭ್ಯಾಸಕ್ಕೆಂದು ನಮ್ಮ ತರಗತಿಗೆ ಅಂಥ ಒಂದು ತ್ರಿಪದಿಯನ್ನು ಕೊಟ್ಟಿದ್ದರು. ಒಬ್ಬೊಬ್ಬರು ಒಂದೊಂದು ಪದ ಹಾಕಿ ತಂದೆವು. ಅಧ್ಯಾಪಕರು ಎಲ್ಲವನ್ನೂ ಸಾವಧಾನವಾಗಿ ಓದಿ, ಎಲ್ಲವನ್ನೂ ಹೊಡೆದುಹಾಕಿ, 'ತವರು' ಎಂಬ ಪದವನ್ನೇ ರೋಮನ್ ಅಕ್ಷರಗಳಲ್ಲಿ ಹಲಗೆಯ ಮೇಲೆ ಬರೆದು, ಕೆಳಗೊಂದು ಟಿಪ್ಪಣಿ ಹಾಕಿದರು. ಆ ಟಿಪ್ಪಣಿ ತ್ರಿಪದಿಗಿಂತ ಉದ್ದವಾಯಿತು.